ಕದ್ದ ಸ್ಫೋಟಕದ ಜಾಡು: ಯುರೋಪಿನ ಅನುಭವ ಮತ್ತು ಗಡಿನಾಡಿನ ಕಲ್ಲುಗಣಿಗಳು

ಭಯೋತ್ಪಾದಕ ಗುಂಪೊಂದರ ಕೈಗೆ ಸ್ಫೋಟಕ ಬಂದು ಸೇರುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ: ಯಾವುದಾದರೂ ಸರಕಾರ ಅದನ್ನು ಗುಟ್ಟಾಗಿ ಪೂರೈಸಬಹುದು, ಗುಂಪಿನವರೇ ಅದನ್ನು ಕದ್ದುಮುಚ್ಚಿ ತಯಾರಿಸಿಕೊಳ್ಳಬಹುದು, ಇಲ್ಲವೇ ಗಣಿ, ಕ್ವಾರಿ, ಕಾಲುವೆ ಕಾಮಗಾರಿಗಳಿಗೆಂದು ಕಾನೂನುಬದ್ಧವಾಗಿ ತಯಾರಾದ ಸರಕನ್ನು ಕಳವು ಮಾಡಬಹುದು. ಮೊದಲೆರಡು ದಾರಿಗಳಲ್ಲಿ ಬಂದ ಸ್ಫೋಟಕದ ಪೂರ್ವೇತಿಹಾಸ ಬಹುಮಟ್ಟಿಗೆ ಕತ್ತಲಲ್ಲಿಯೇ ಉಳಿಯುತ್ತದೆ. ಮೂರನೆಯ ದಾರಿಯಲ್ಲಿ ಬಂದದ್ದಕ್ಕೆ ಮಾತ್ರ ಒಬ್ಬ ತಯಾರಕ, ಒಬ್ಬ ಮಾರಾಟಗಾರ, ಒಬ್ಬ ಪರವಾನಗಿದಾರ, ಒಂದು ಉಗ್ರಾಣ, ಆ ಉಗ್ರಾಣದ ಕೀಲಿಕೈ ಇಟ್ಟುಕೊಂಡವನು ಮತ್ತು ಅವನು ದಿನವೂ ತುಂಬಬೇಕಾದ ಒಂದು ದಾಖಲೆ ಪುಸ್ತಕ ಇರುತ್ತವೆ. ಯುರೋಪಿನ ದೇಶಗಳು 1984ರಿಂದ 2004ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಈ ಮೂರನೆಯ ದಾರಿಯನ್ನು ಹಿಮ್ಮುಖವಾಗಿ ನಡೆದು, ಸಿಡಿದ ಜಾಗದಿಂದ ಕದ್ದ ಜಾಗಕ್ಕೆ ತಲುಪಲು ಮಾಡಿದ ಪ್ರಯತ್ನಗಳನ್ನು ವಿವರಿಸುವುದು, ಆ ಅನುಭವವನ್ನು ಕರ್ನಾಟಕ ಮತ್ತು ತೆಲಂಗಾಣಗಳ ಗಡಿಯ ಗಣಿಗಳಿಗೆ ಅನ್ವಯಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ. ಪ್ರಯೋಗಾಲಯದ ವಿಜ್ಞಾನ ಎಷ್ಟೇ ಮುಂದುವರಿದಿದ್ದರೂ ಕದ್ದ ಸ್ಫೋಟಕದ ಜಾಡು ಕೊನೆಗೂ ನಿಂತಿರುವುದು ಉಗ್ರಾಣದ ಲೆಕ್ಕದ ಮೇಲೆ ಎಂಬುದೂ, ಆ ಲೆಕ್ಕ ಸುಳ್ಳಾದಲ್ಲಿ ರಸಾಯನಶಾಸ್ತ್ರ ಹೆಚ್ಚೆಂದರೆ ಸ್ಫೋಟಕದ ಜಾತಿಯನ್ನು ಹೇಳಬಲ್ಲುದೇ ಹೊರತು ಅದರ ಮನೆಯನ್ನು ಹೇಳಲಾರದು ಎಂಬುದೂ ಇಲ್ಲಿ ಮಂಡಿಸಲಾಗುವ ವಾದ.

ದಾಮರಗಿದ್ದ, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದವರಿಗೆ ಈ ವಿಷಯ ಪರಕೀಯವಾದದ್ದೇನೂ ಅಲ್ಲ. ಕೃಷ್ಣೆಯ ಎರಡೂ ದಂಡೆಗಳ ಈ ಸೀಮೆಯಲ್ಲಿ ಮೇಲಿನ ಮಣ್ಣು, ಅದರ ಕೆಳಗಿನ ಗರಸು ದಾಟಿದರೆ ಸಿಗುವುದು ಗ್ರಾನೈಟು ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಸೇದುವ ಬಾವಿಯನ್ನು ಆಳ ಮಾಡಬೇಕಾದರೂ, ಹೊಲದ ನಡುವಿನ ಗುಂಡುಗಲ್ಲು ಒಡೆಯಬೇಕಾದರೂ, ನೆಟ್ಟೆಂಪಾಡಿನಂಥ ಏತ ನೀರಾವರಿಯ ಕಾಲುವೆಯನ್ನು ಬಂಡೆಯ ಮೂಲಕ ಹಾಯಿಸಬೇಕಾದರೂ ಸಿಡಿಮದ್ದು ಇಲ್ಲದೆ ಕೆಲಸ ಸಾಗುವುದಿಲ್ಲ. ಟ್ರ್ಯಾಕ್ಟರಿಗೆ ಕಂಪ್ರೆಸರ್ ಕಟ್ಟಿಕೊಂಡು ಬಂದು ಬಂಡೆಗೆ ತೂತು ಹೊಡೆಯುವವರು, ಮದ್ದು ತುಂಬುವವರು, ಸಿಡಿಸುವ ಮುನ್ನ ಕೆಂಪು ಬಟ್ಟೆ ಹಿಡಿದು ದಾರಿಹೋಕರನ್ನು ನಿಲ್ಲಿಸುವವರು ಇಲ್ಲಿನ ಬೇಸಿಗೆಯ ಪರಿಚಿತ ನೋಟ. ಈ ಜನರ ದುಡಿಮೆಯಿಂದಲೇ ಹೊಲಗಳಿಗೆ ನೀರು, ರಸ್ತೆಗಳಿಗೆ ಜಲ್ಲಿ, ಮನೆಗಳಿಗೆ ಅಡಿಪಾಯದ ಕಲ್ಲು ಬಂದಿವೆ ಎಂಬುದನ್ನು ಮರೆತು ಸ್ಫೋಟಕವೆಂದ ಕೂಡಲೇ ಅಪರಾಧವನ್ನೇ ನೆನೆಯುವುದು ಅನ್ಯಾಯವಾಗುತ್ತದೆ.

ಇಲ್ಲಿ ಬಳಕೆಯಾಗುವ ಸರಕಿನಲ್ಲಿ ಎರಡು ಬಗೆಯ ವಸ್ತುಗಳಿವೆ. ಒಂದು, ಜಿಲೆಟಿನ್ ಕಡ್ಡಿ ಎಂದು ಎಲ್ಲರೂ ಕರೆಯುವ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ, ಗೇಣುದ್ದದ ತೋಟಾ. ನೈಟ್ರೋಗ್ಲಿಸರಿನ್ ಆಧಾರಿತ ಸ್ಫೋಟಕಗಳನ್ನು ಭಾರತದಲ್ಲಿ 2004ರ ಏಪ್ರಿಲ್ 1ರಿಂದ ನಿಷೇಧಿಸಲಾಗಿರುವುದರಿಂದ ಇಂದಿನ ಕಡ್ಡಿಯೊಳಗೆ ಇರುವುದು ಅಮೋನಿಯಂ ನೈಟ್ರೇಟನ್ನು ಮುಖ್ಯ ಘಟಕವಾಗುಳ್ಳ ಸ್ಲರಿ ಅಥವಾ ಎಮಲ್ಷನ್, ಎಂದರೆ ನೀರು ಬೆರೆತ ಮಂದವಾದ ಲೇಹದಂಥ ದ್ರವ್ಯ. ಇನ್ನೊಂದು, ಡಿಟೊನೇಟರ್, ಗಣಿಯವರು ಕ್ಯಾಪು ಎನ್ನುವ ಈ ಸಣ್ಣ ಲೋಹದ ನಳಿಕೆಯಿಲ್ಲದೆ ಕಡ್ಡಿ ತಾನಾಗಿ ಸಿಡಿಯುವುದು ಅಪರೂಪ. ಕಡ್ಡಿಯೊಂದರ ತೂಕ ಸಾಮಾನ್ಯವಾಗಿ 125 ಗ್ರಾಂ ಇರುತ್ತದೆ. 25 ಕಿಲೋದ ರಟ್ಟಿನ ಪೆಟ್ಟಿಗೆಯಲ್ಲಿ 200 ಕಡ್ಡಿಗಳು ಹಿಡಿಯುತ್ತವೆ. ವಾರಕ್ಕೆ ಇಂಥ 4 ಪೆಟ್ಟಿಗೆಗಳನ್ನು ಖರ್ಚು ಮಾಡುವ ಒಂದು ಸಾಧಾರಣ ಕ್ವಾರಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ 800 ಕಡ್ಡಿಗಳ ಪೈಕಿ 8 ಮಾತ್ರ ಉಳಿದು, ಪುಸ್ತಕದಲ್ಲಿ ಅವೂ ಸಿಡಿದವೆಂದೇ ಬರೆಯಲ್ಪಟ್ಟರೆ ವ್ಯತ್ಯಾಸ ನೂರಕ್ಕೆ ಒಂದು. ಬಂಡೆಯನ್ನು ನೋಡಿ ಅದನ್ನು ಯಾರೂ ಕಂಡುಹಿಡಿಯಲಾರರು. ಆದರೂ ವಾರಕ್ಕೆ 1 ಕಿಲೋದಂತೆ ವರ್ಷಕ್ಕೆ 50 ಕಿಲೋ ದಾಟುವ ಸ್ಫೋಟಕ, ಯಾವ ಬೀಗವೂ ಮುರಿಯದೆ, ಯಾವ ದೂರೂ ದಾಖಲಾಗದೆ, ಲೆಕ್ಕದ ಹೊರಗೆ ಹೋಗಿಬಿಡುತ್ತದೆ. ಮ್ಯಾಡ್ರಿಡ್‌ನಲ್ಲಿ 2004ರಲ್ಲಿ ಸಿಡಿಯದೆ ಉಳಿದ ಒಂದು ಚೀಲದಲ್ಲಿದ್ದದ್ದು ಸುಮಾರು 10 ಕಿಲೋ ಎಂಬುದನ್ನು ನೆನೆದರೆ ಈ ನೂರಕ್ಕೆ ಒಂದರ ಅರ್ಥ ಮನದಟ್ಟಾಗುತ್ತದೆ.

ಜಾಡು ಹಿಡಿಯುವವರ ಮುಂದೆ ಮೂರು ತೆರನಾದ ಕುರುಹುಗಳಿರುತ್ತವೆ. ಸಿಡಿದ ಮೇಲೆ ಉಳಿಯುವ ಸೂಕ್ಷ್ಮ ಶೇಷವನ್ನು ಪರೀಕ್ಷಿಸಿ ಸ್ಫೋಟಕದ ಘಟಕಗಳನ್ನು ಗುರುತಿಸುವುದು ಒಂದು. ಇದರಿಂದ ಸ್ಫೋಟಕದ ಬಗೆ, ಕೆಲವೊಮ್ಮೆ ವಾಣಿಜ್ಯ ಹೆಸರು ತಿಳಿಯಬಹುದು, ಆದರೆ ಒಂದೇ ಕಾರ್ಖಾನೆಯಲ್ಲಿ ಒಂದೇ ಪಾಕದಿಂದ ತಯಾರಾದ ಸಾವಿರಾರು ಪೆಟ್ಟಿಗೆಗಳಲ್ಲಿ ಯಾವುದು ಎಂದು ತಿಳಿಯುವುದಿಲ್ಲ. ಸಿಡಿಯದೆ ಉಳಿದ ಬಾಂಬಿನ ಹೊದಿಕೆ, ಡಿಟೊನೇಟರ್‌ನ ತಂತಿ ಹಾಗೂ ಚೀಟಿ, ಪೆಟ್ಟಿಗೆಯ ಮೇಲಿನ ತಂಡದ ಸಂಖ್ಯೆ ಎರಡನೆಯ ಕುರುಹು. ತಂಡ ಎಂದರೆ ಒಂದೇ ಸರದಿಯಲ್ಲಿ ತಯಾರಾದ ಸರಕಿನ ಗುಂಪು. ಮೂರನೆಯದು ಆ ಸಂಖ್ಯೆಯ ಸರಕು ಯಾರಿಗೆ ಹೋಯಿತು, ಅವರು ಅದನ್ನು ಏನು ಮಾಡಿದರು ಎಂದು ಹೇಳುವ ಕಾಗದ. ಮೂರನೆಯ ಕುರುಹು ತಪ್ಪಿದಲ್ಲಿ ಮೊದಲೆರಡೂ ನಡುದಾರಿಯಲ್ಲಿ ನಿಂತುಬಿಡುತ್ತವೆ.

ಯುರೋಪಿನ ಪ್ರಕರಣಗಳಲ್ಲಿ ಮೊದಲು ಹೇಳಬೇಕಾದದ್ದು ಬೆಲ್ಜಿಯಮ್ಮಿನ ಎಕೊಸಿನ್ ಎಂಬ ಊರಿನದು. ಕಟ್ಟಡಕ್ಕೆ ಬಳಸುವ ನೀಲಿಗಲ್ಲಿಗೆ ಹೆಸರಾದ ಆ ಊರಿನ ಕ್ವಾರಿಯೊಂದರಿಂದ 1984ರ ಜೂನ್ ತಿಂಗಳಲ್ಲಿ ಸುಮಾರು 800 ಕಿಲೋ ಸ್ಫೋಟಕ ಕಳುವಾಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಬೆಲ್ಜಿಯಮ್ಮಿನಲ್ಲಿ ‘ಹೋರಾಟನಿರತ ಕಮ್ಯುನಿಸ್ಟ್ ಕೋಶಗಳು’ ಎಂದು ಕರೆದುಕೊಂಡ ಗುಂಪು ನ್ಯಾಟೋ ಒಕ್ಕೂಟಕ್ಕೆ ಸಂಬಂಧಿಸಿದ ಕಂಪನಿಗಳು, ಇಂಧನ ಕೊಳವೆಗಳು, ಬ್ಯಾಂಕುಗಳ ಮೇಲೆ ಬಾಂಬು ದಾಳಿಗಳನ್ನು ನಡೆಸತೊಡಗಿತು. ಡಿಸೆಂಬರ್ 18ರಂದು ದಕ್ಷಿಣ ಜರ್ಮನಿಯ ಒಬೆರಾಮೆರ್‌ಗೌ ಎಂಬಲ್ಲಿನ ನ್ಯಾಟೋ ತರಬೇತಿ ಶಾಲೆಯ ಆವರಣದಲ್ಲಿ ಕಾರೊಂದರಲ್ಲಿಟ್ಟ ಬಾಂಬು ಸಿಡಿಯದೆ ಉಳಿಯಿತು; ಅದನ್ನು ಇಟ್ಟದ್ದು ಜರ್ಮನಿಯ ರೆಡ್ ಆರ್ಮಿ ಫ್ಯಾಕ್ಷನ್. ಆ ಬಾಂಬಿನೊಳಗಿನ ಸ್ಫೋಟಕ ಎಕೊಸಿನ್‌ನಿಂದ ಕಳುವಾದದ್ದೆಂದು ಗುರುತಾಯಿತು. ಫ್ರಾನ್ಸಿನ ಆಕ್ಷನ್ ಡಿರೆಕ್ಟ್ ಎಂಬ ಗುಂಪಿನ ಕೈಗೂ ಅದೇ ಕಳವಿನ ಪಾಲು ತಲುಪಿತ್ತು. ಜರ್ಮನ್ ಮತ್ತು ಫ್ರೆಂಚ್ ಗುಂಪುಗಳು ತಮ್ಮ ಮೈತ್ರಿಯನ್ನು ಜಂಟಿ ಹೇಳಿಕೆಯ ಮೂಲಕ ಜಗಜ್ಜಾಹೀರು ಮಾಡಿದ್ದು 1985ರ ಜನವರಿಯಲ್ಲಿ. ಅದಕ್ಕೂ ಮುನ್ನವೇ ಒಂದು ಕ್ವಾರಿಯ ಮದ್ದು ಮೂರು ದೇಶಗಳ ಮೂರು ಗುಂಪುಗಳ ನಡುವಿನ ಸಂಪರ್ಕವನ್ನು ಸಾಕ್ಷಿ ಸಮೇತ ತೋರಿಸಿಕೊಟ್ಟಿತ್ತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಕ್ವಾರಿಯ ಮಾಲೀಕರಿಗೆ ತಮ್ಮ ಉಗ್ರಾಣದಿಂದ ಏನು, ಎಷ್ಟು, ಯಾವಾಗ ಹೋಯಿತೆಂಬುದು ಗೊತ್ತಿತ್ತು, ಅವರು ಅದನ್ನು ಪೊಲೀಸರಿಗೆ ತಿಳಿಸಿದ್ದರು. ಆದುದರಿಂದಲೇ ಆರು ತಿಂಗಳ ಬಳಿಕ ಬೇರೊಂದು ದೇಶದಲ್ಲಿ ಸಿಕ್ಕ ಸರಕನ್ನು ಹೋಲಿಸಿ ನೋಡಲು ಒಂದು ಮೂಲ ಇತ್ತು. ಎರಡನೆಯದು ಬಾಂಬು ಸಿಡಿಯದೆ ಉಳಿದದ್ದು. ಸಂಪರ್ಕ ಸಿದ್ಧವಾದ ಮಾತ್ರಕ್ಕೆ ಒಂದು ಗುಂಪು ಮತ್ತೊಂದರ ಆಜ್ಞಾಧಾರಕವೆಂದು ಸಿದ್ಧವಾಗುವುದಿಲ್ಲ. ಬೆಲ್ಜಿಯಮ್ಮಿನ ಗುಂಪು ತನ್ನದೇ ಆದ ತಾತ್ವಿಕ ನಿಲುವನ್ನು ಹೊಂದಿತ್ತು. ಸರಕು ಹಂಚಿಕೊಂಡವರೆಲ್ಲ ಸಂಕಲ್ಪವನ್ನೂ ಹಂಚಿಕೊಂಡಿರುತ್ತಾರೆಂದು ಭಾವಿಸಿದ ಅಂದಿನ ಕೆಲವು ಪತ್ರಿಕಾ ಬರಹಗಳು ಆತುರದವು ಎಂದೇ ಹೇಳಬೇಕು.

ಹದಿನೈದು ವರ್ಷಗಳ ತರುವಾಯ, 1999ರ ಸೆಪ್ಟೆಂಬರ್ ಕೊನೆಯಲ್ಲಿ, ಫ್ರಾನ್ಸಿನ ಬ್ರಿಟನಿ ಪ್ರಾಂತದ ಪ್ಲೆವೆಂ ಎಂಬ ಹಳ್ಳಿಯ ಉಗ್ರಾಣದಿಂದ ಟಿಟಾಡಿನ್ ಎಂಬ ವಾಣಿಜ್ಯ ಡೈನಮೈಟು 8 ಟನ್ನಿಗೂ ಹೆಚ್ಚು, ಅದರ ಜೊತೆಗೆ ಸಾವಿರಾರು ಡಿಟೊನೇಟರ್‌ಗಳು ಕಳುವಾದವು. ಇದು ಎಕೊಸಿನ್‌ನ ಹತ್ತು ಪಟ್ಟು. ಕದ್ದವರು ಸ್ಪೇನಿನ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆಯಾದ ಇಟಿಎ ಮತ್ತು ಅದಕ್ಕೆ ನೆರವಾದ ಬ್ರೆಟನ್ ಕ್ರಾಂತಿಕಾರಿ ಸೇನೆ ಎಂಬ ಸಣ್ಣ ಗುಂಪು. 2000ದ ಏಪ್ರಿಲ್ 19ರಂದು ಬ್ರಿಟನಿಯ ಕೆವೆರ್ ಎಂಬಲ್ಲಿ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಗೃಹದ ಬಳಿ ಬಾಂಬು ಸಿಡಿದು ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ಸತ್ತಳು. ಅದೇ ದಿನ ರೆನ್ ನಗರದ ಅಂಚೆ ಕಚೇರಿಯೊಂದರ ಬಳಿ ಇನ್ನೊಂದು ಬಾಂಬು ಸಿಡಿಯದೆ ಸಿಕ್ಕಿತು. ಪ್ಲೆವೆಂನ ಕಳವಿನ ಕಡೆಗೆ ತನಿಖೆ ಬೇಗನೆ ತಿರುಗಿತು. ಆದರೆ 2004ರಲ್ಲಿ ಪ್ಯಾರಿಸ್ಸಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಮುಗಿದಾಗ ಆರೋಪಿಗಳಲ್ಲಿ ಕೆಲವರಿಗೆ ಕಳವು ಮತ್ತಿತರ ಅಪರಾಧಗಳಿಗೆ ಶಿಕ್ಷೆಯಾಯಿತೇ ಹೊರತು ಕೆವೆರ್‌ನ ಸಾವಿಗೆ ಯಾರೂ ಹೊಣೆಗಾರರೆಂದು ಸಾಬೀತಾಗಲಿಲ್ಲ. ಸ್ಫೋಟಕ ಯಾವ ಉಗ್ರಾಣದ್ದೆಂದು ಗೊತ್ತಾದರೂ ಅದನ್ನು ಆ ದಿನ ಅಲ್ಲಿಗೆ ಒಯ್ದ ಕೈ ಯಾವುದೆಂದು ಗೊತ್ತಾಗದೆ ಹೋದದ್ದು ಸತ್ತ ಯುವತಿಯ ಮನೆಯವರ ಪಾಲಿಗೆ ದಾರುಣವಾದ ಸಂಗತಿ. ಹಾಗಿದ್ದರೂ ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಮಾತ್ರ ಹೋಗಿ ನಿಂತ ಆ ನ್ಯಾಯಾಲಯದ ನಡೆ ಸರಿಯಾದದ್ದು. ಇಟಿಎ 2001ರ ಮಾರ್ಚ್‌ನಲ್ಲಿ ಗ್ರೆನೋಬಲ್ ಬಳಿ ಮತ್ತೆ ಒಂದೂವರೆ ಟನ್ನಿಗೂ ಹೆಚ್ಚು ಡೈನಮೈಟನ್ನು ಕದ್ದದ್ದನ್ನು ನೋಡಿದರೆ ಪ್ಲೆವೆಂನ ಪಾಠ ಕಾವಲಿನವರಿಗೆ ಇನ್ನೂ ತಲುಪಿರಲಿಲ್ಲವೆಂದು ತೋರುತ್ತದೆ.

ಎಕೊಸಿನ್, ಪ್ಲೆವೆಂಗಳದು ರಾತ್ರೋರಾತ್ರಿ ನಡೆದ ದೊಡ್ಡ ಕಳವು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ನಾಲ್ಕು ರೈಲುಗಳಲ್ಲಿ 10 ಬಾಂಬುಗಳು ಸಿಡಿದು 193 ಜನ ಸತ್ತ ಪ್ರಕರಣದ ಹಿಂದಿದ್ದ ಕಳವು ಬೇರೆ ಬಗೆಯದು, ಈ ಭಾಗದವರು ಹೆಚ್ಚು ಗಮನವಿಟ್ಟು ನೋಡಬೇಕಾದದ್ದು. ದಾಳಿ ನಡೆದ ದಿನ ಸ್ಪೇನಿನ ಸರಕಾರ ಇಟಿಎಯನ್ನೇ ಹೊಣೆಯೆಂದಿತು. ಟಿಟಾಡಿನ್ ಬಳಕೆಯಾಗಿದೆ ಎಂಬ ಮಾತು ಮೊದಲು ಹರಡಿತು. ಆದರೆ ಅಲ್ಕಲಾ ಊರಿನ ರೈಲು ನಿಲ್ದಾಣದ ಬಳಿ ನಿಂತಿದ್ದ ರೆನೊ ವ್ಯಾನ್ ಒಂದರಲ್ಲಿ ಡಿಟೊನೇಟರ್‌ಗಳೂ ಸ್ಫೋಟಕದ ಹೊದಿಕೆಯ ತುಣುಕೂ ಸಿಕ್ಕವು. ರೈಲುಗಳಿಂದ ಸಂಗ್ರಹಿಸಿ ತಂದ ಪ್ರಯಾಣಿಕರ ಸಾಮಾನುಗಳ ನಡುವೆ ವಯ್ಯೆಕಾಸ್ ಪೊಲೀಸ್ ಠಾಣೆಯಲ್ಲಿ ಮಾರ್ಚ್ 12ರ ನಸುಕಿನಲ್ಲಿ ಸಿಡಿಯದ ಚೀಲವೊಂದು ಕಂಡುಬಂದಿತು. ಅದರಲ್ಲಿದ್ದದ್ದು ಗೋಮಾ-2 ಇಕೊ ಎಂಬ ಸ್ಪೇನಿನಲ್ಲಿಯೇ ತಯಾರಾಗುವ ಗಣಿ ಸ್ಫೋಟಕ, ಮೊಳೆಗಳು ಮತ್ತು ಒಂದು ಮೊಬೈಲ್ ಫೋನು. ಫೋನಿನ ಸಿಮ್ ಕಾರ್ಡು ಮ್ಯಾಡ್ರಿಡ್‌ನ ಅಂಗಡಿಯೊಂದಕ್ಕೆ ದಾರಿ ತೋರಿಸಿ ಮಾರ್ಚ್ 13ರಂದೇ ಮೊದಲ ಬಂಧನಗಳಾದವು. ಡಿಟೊನೇಟರ್‌ಗಳ ಗುರುತು ಉತ್ತರದ ಅಸ್ತೂರಿಯಾಸ್ ಪ್ರಾಂತದ ಗಣಿಗಳ ಕಡೆಗೆ ತೋರಿಸಿತು.

ಅಲ್ಲಿ ಸಿಕ್ಕದ್ದು ಕೊಂಚಿತಾ ಎಂಬ ಹೆಸರಿನ ಗಣಿ. ಆ ಗಣಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಹೊಸೆ ಎಮಿಲಿಯೊ ಸುವಾರೆಸ್ ತ್ರಾಶೋರಾಸ್ ಎಂಬಾತ ಹಶೀಶ್ ಎಂಬ ಮಾದಕ ವಸ್ತುವಿಗೆ ಪ್ರತಿಯಾಗಿ ಸ್ಫೋಟಕವನ್ನು ದಾಳಿಕಾರರಿಗೆ ಒದಗಿಸಿದ್ದನು. ಬಂದೂಕು ಹಿಡಿದು ಉಗ್ರಾಣಕ್ಕೆ ನುಗ್ಗುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಪಾಳಿಯ ಕೊನೆಯಲ್ಲಿ ಉಳಿದ ಕಡ್ಡಿಗಳು ಉಗ್ರಾಣಕ್ಕೆ ಮರಳದೆ ಗಣಿಯ ಸುತ್ತಮುತ್ತಲಿನ ಪೊದೆಗಳಲ್ಲಿ ಉಳಿಯುತ್ತಿದ್ದವು, ಪುಸ್ತಕದಲ್ಲಿ ಮಾತ್ರ ಖರ್ಚಾದವೆಂದು ಬರೆಯಲ್ಪಡುತ್ತಿದ್ದವು. ಹೀಗೆ ಕಾಗದದ ಮೇಲೆ ಸಿಡಿದು ಹೋಗಿದ್ದ ಸ್ಫೋಟಕವೇ ರಾಜಧಾನಿಯ ರೈಲುಗಳಲ್ಲಿ ನಿಜವಾಗಿ ಸಿಡಿಯಿತು. 2007ರ ಅಕ್ಟೋಬರ್ 31ರ ತೀರ್ಪಿನಲ್ಲಿ ನ್ಯಾಯಾಲಯ ಸ್ಫೋಟಕದ ಎಲ್ಲ ಅಥವಾ ಬಹುತೇಕ ಭಾಗ ಈ ಗಣಿಯದೇ ಎಂದು ನಿರ್ಣಯಿಸಿ, ತ್ರಾಶೋರಾಸ್‌ಗೆ ಪ್ರತಿಯೊಂದು ಸಾವಿಗೂ ಲೆಕ್ಕ ಹಿಡಿದು ಒಟ್ಟು 34,000 ವರ್ಷಗಳನ್ನು ಮೀರಿದ ಶಿಕ್ಷೆ ವಿಧಿಸಿತು.

ಈ ವಿಚಾರಣೆಯ ವೇಳೆ ರಸಾಯನಶಾಸ್ತ್ರದ ಮಿತಿಯೂ ಬಯಲಾಯಿತು. ರೈಲುಗಳ ಶೇಷದ ಮಾದರಿಗಳಲ್ಲಿ ಡೈನೈಟ್ರೊಟಾಲ್ವಿನ್ ಎಂಬ ಘಟಕದ ಸುಳಿವು ಕಂಡಾಗ, ಗೋಮಾ-2 ಇಕೊ ಪಾಕದಲ್ಲಿ ಅದು ಇಲ್ಲವಾದ್ದರಿಂದ ಸ್ಫೋಟಕ ಬೇರೆಯದಿರಬೇಕೆಂದು ಒಂದು ಪಕ್ಷದ ತಜ್ಞರು ವಾದಿಸಿದರು. ಮಾದರಿ ಕಲುಷಿತವಾಗಿರಬಹುದು, ಹಳೆಯ ಪಾಕದ ಸರಕು ಬೆರೆತಿರಬಹುದು ಎಂದು ಮತ್ತೊಂದು ಪಕ್ಷದವರು ಹೇಳಿದರು. ಸ್ಪೇನಿನ ಪತ್ರಿಕೆಗಳಲ್ಲಿ ಈ ಚರ್ಚೆ ವರ್ಷಗಟ್ಟಲೆ ರಾಜಕೀಯ ಜಗಳವಾಗಿ ನಡೆಯಿತು. ಶೇಷದ ಪರೀಕ್ಷೆ ತಾನೊಂದೇ ನಿಂತಿದ್ದರೆ ಪ್ರಕರಣ ಅನುಮಾನದಲ್ಲಿ ಮುಗಿಯುವ ಸಂಭವವಿತ್ತು. ಅದನ್ನು ಉಳಿಸಿದ್ದು ಸಿಡಿಯದ ಚೀಲ, ಡಿಟೊನೇಟರ್‌ಗಳು, ಬಾಂಬು ಜೋಡಿಸಿದ ಮನೆಯಲ್ಲಿ ದೊರೆತ ವಸ್ತುಗಳು, ಸಾಗಿಸಿದವರ ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಂಡದ್ದು.

ಯುರೋಪಿಯನ್ ಒಕ್ಕೂಟ 2008ರ ಏಪ್ರಿಲ್ 4ರಂದು ಹೊರಡಿಸಿದ ನಿರ್ದೇಶನ ಇಂಥ ಕೊರತೆಯನ್ನು ತುಂಬಲೆಂದೇ ಬಂದದ್ದು. ಪ್ರತಿಯೊಂದು ಕಡ್ಡಿ, ಪ್ರತಿಯೊಂದು ಡಿಟೊನೇಟರ್ ಮೇಲೆ ದೇಶ, ಕಾರ್ಖಾನೆ ಮತ್ತು ಆ ವಸ್ತುವಿಗೇ ವಿಶಿಷ್ಟವಾದ ಸಂಖ್ಯೆ ಇರತಕ್ಕದ್ದೆಂದೂ, ಸರಕು ಕೈ ಬದಲಾದಾಗಲೆಲ್ಲ ಆ ಸಂಖ್ಯೆ ದಾಖಲಾಗಬೇಕೆಂದೂ, ದಾಖಲೆಗಳನ್ನು 10 ವರ್ಷ ಕಾಪಾಡಬೇಕೆಂದೂ ಅದು ವಿಧಿಸಿತು. ಗುರುತು ಹಾಕುವ ಭಾಗ 2013ರಿಂದಲೂ ದಾಖಲೆಯ ಭಾಗ 2015ರಿಂದಲೂ ಜಾರಿಗೆ ಬಂದವು. ಸ್ವಿಟ್ಜರ್‌ಲೆಂಡ್ ಇದಕ್ಕೂ ಬಹಳ ಮೊದಲೇ ಸ್ಫೋಟಕದೊಳಗೇ ಬಣ್ಣದ ಪದರಗಳುಳ್ಳ ಸೂಕ್ಷ್ಮ ಕಣಗಳನ್ನು ಬೆರೆಸುವುದನ್ನು ಕಡ್ಡಾಯ ಮಾಡಿತ್ತು. ಸಿಡಿದ ಮೇಲೂ ಉಳಿಯುವ ಆ ಕಣಗಳ ಪದರಕ್ರಮದಿಂದ ತಯಾರಿಕೆಯ ಮೂಲ ತಿಳಿಯುತ್ತದೆ. 1988ರ ಲಾಕರ್‌ಬಿ ವಿಮಾನ ಸ್ಫೋಟದ ಬಳಿಕ 1991ರಲ್ಲಿ ಮಾಂಟ್ರಿಯಲ್‌ನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಪ್ಲಾಸ್ಟಿಕ್ ಸ್ಫೋಟಕಗಳಿಗೆ ಮಾತ್ರ ಸಂಬಂಧಿಸಿದ್ದು, ಅದರ ಉದ್ದೇಶವೂ ಸಾಗಣೆಯಲ್ಲಿ ಪತ್ತೆ ಹಚ್ಚುವುದೇ ಆದ್ದರಿಂದ ಇಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ದಾಮರಗಿದ್ದಕ್ಕೆ ಹತ್ತಿರದ ಪ್ರಕರಣಗಳತ್ತ ತಿರುಗಬಹುದು. ಕಲಬುರಗಿ ಜಿಲ್ಲೆಯ ವಾಡಿ, ಸುಣ್ಣದ ಕಲ್ಲಿನ ಗಣಿಗಳ ಮತ್ತು ಸಿಮೆಂಟಿನ ಊರು, ಈ ಗಡಿಗೆ ಬಹು ದೂರದ್ದಲ್ಲ. ಅಲ್ಲಿನ ಚರ್ಚಿನಲ್ಲಿ 2000ದ ಜೂನ್ 8ರಂದು ಬಾಂಬು ಸಿಡಿಯಿತು. ಅದೇ ದಿನ ಆಂಧ್ರದ ಚರ್ಚುಗಳಲ್ಲಿಯೂ, ಜುಲೈ 8ರಂದು ಹುಬ್ಬಳ್ಳಿಯಲ್ಲಿಯೂ, ಜುಲೈ 9ರಂದು ಬೆಂಗಳೂರಿನ ಜಗಜೀವನರಾಮ ನಗರದಲ್ಲಿಯೂ ಸ್ಫೋಟಗಳಾದವು. ಒಂದು ತಿಂಗಳವರೆಗೆ ಇದು ಯಾರ ಕೃತ್ಯವೆಂಬುದು ಬಗೆಹರಿಯದೆ ಸಮುದಾಯ ಸಮುದಾಯಗಳ ನಡುವೆ ಸಂಶಯ ಬೆಳೆಯುತ್ತಿತ್ತು. ಜುಲೈ 9ರ ರಾತ್ರಿ ಬೆಂಗಳೂರಿನಲ್ಲಿ ಸ್ಫೋಟಕ ಸಾಗಿಸುತ್ತಿದ್ದ ವ್ಯಾನ್ ತಾನೇ ಸಿಡಿದು ಅದರಲ್ಲಿದ್ದ ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಉಳಿದ. ಅಲ್ಲಿ ಸಿಕ್ಕ ವಸ್ತುಗಳಿಂದ ತನಿಖೆ ದೀನದಾರ್ ಅಂಜುಮನ್ ಎಂಬ ಸಂಘಟನೆಯವರೆಗೆ ಹೋಯಿತು. 2008ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಜನರನ್ನು ಅಪರಾಧಿಗಳೆಂದು ಸಾರಿತು. ಪೊಲೀಸರ ಶ್ರಮವನ್ನು ಕಡಿಮೆ ಮಾಡದೆಯೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಪ್ರಕರಣ ಬಿಚ್ಚಿಕೊಂಡದ್ದು ಆಕಸ್ಮಿಕದಿಂದ. ಆ ವ್ಯಾನ್ ಸಿಡಿಯದೆ ಊರು ದಾಟಿದ್ದರೆ ಸರಕಿನ ಹಿಂದಿನ ಹೆಜ್ಜೆಗಳನ್ನು ಹೇಳುವ ಬೇರೆ ದಾರಿ ತನಿಖಾಧಿಕಾರಿಗಳ ಮುಂದೆ ಇರಲಿಲ್ಲ.

ಹೈದರಾಬಾದಿನಲ್ಲಿ 2007ರ ಆಗಸ್ಟ್ 25ರಂದು ಲುಂಬಿನಿ ಉದ್ಯಾನ ಮತ್ತು ಗೋಕುಲ್ ಚಾಟ್ ಅಂಗಡಿಯಲ್ಲಿ ಬಾಂಬುಗಳು ಸಿಡಿದು 42 ಜನ ಸತ್ತ ದಿನ, ದಿಲ್‌ಸುಖ್‌ನಗರದಲ್ಲಿ ಮೂರನೆಯ ಬಾಂಬು ಸಿಡಿಯುವ ಮುನ್ನವೇ ಸಿಕ್ಕಿತು. ಬಳಕೆಯಾದದ್ದು ನಿಯೊಜೆಲ್-90 ಎಂಬ ಗಣಿ ಸ್ಫೋಟಕವೆಂದೂ ಅದು ನಾಗಪುರದಲ್ಲಿ ತಯಾರಾದದ್ದೆಂದೂ ಕೂಡಲೇ ತಿಳಿಯಿತು. ಇಂಥ ಸಂದರ್ಭದಲ್ಲಿ ಕಾರ್ಖಾನೆಯ ಹೆಸರು ತಿಳಿಯುವುದು ಸರಪಳಿಯ ಮೊದಲ ಕೊಂಡಿ ಸಿಕ್ಕಂತೆ ಮಾತ್ರ. ನಾಗಪುರದಿಂದ ಹೊರಟ ಪೆಟ್ಟಿಗೆ ಸಗಟು ಮಾರಾಟಗಾರ, ಸ್ಥಳೀಯ ಉಗ್ರಾಣ, ಗುತ್ತಿಗೆದಾರ, ಉಪಗುತ್ತಿಗೆದಾರ, ಕೊನೆಗೆ ತೂತಿಗೆ ಮದ್ದು ತುಂಬುವ ಕೂಲಿಕಾರನವರೆಗೆ ಹಲವು ಕೈ ದಾಟುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಪೆಟ್ಟಿಗೆ ಒಡೆದ ದಿನ ಕಸದ ಬುಟ್ಟಿ ಸೇರಿದರೆ ಒಳಗಿನ 200 ಕಡ್ಡಿಗಳು ಅನಾಮಧೇಯವಾಗುತ್ತವೆ.

ಸಾಮೂಹಿಕ ಲೂಟಿಯ ನಿದರ್ಶನಗಳೂ ಈ ದೇಶದಲ್ಲಿ ಇಲ್ಲದಿಲ್ಲ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಛತ್ತೀಸಗಢದ ಹಿರೋಲಿ ಉಗ್ರಾಣದ ಮೇಲೆ 2006ರ ಫೆಬ್ರುವರಿ 9ರಂದು ಮಾವೋವಾದಿಗಳು ದಾಳಿ ಮಾಡಿ, ಕೈಗಾರಿಕಾ ಭದ್ರತಾ ಪಡೆಯ 8 ಜವಾನರನ್ನು ಕೊಂದು, ಟನ್ನುಗಟ್ಟಲೆ ಸ್ಫೋಟಕವನ್ನು ಒಯ್ದರು. 2010ರಲ್ಲಿ ರಾಜಸ್ಥಾನದ ಧೋಲಪುರದಿಂದ ಮಧ್ಯಪ್ರದೇಶದ ಸಾಗರಕ್ಕೆ ಹೊರಟ 60ಕ್ಕೂ ಹೆಚ್ಚು ಲಾರಿಗಳಷ್ಟು ಸ್ಫೋಟಕ ತಲುಪಬೇಕಾದಲ್ಲಿಗೆ ತಲುಪದೆ ಹೋದದ್ದು ಬೆಳಕಿಗೆ ಬಂತು. ಅಲ್ಲಿ ಬೀಗ ಒಡೆದವರು ಯಾರೂ ಇರಲಿಲ್ಲ, ಕಾಗದಗಳು ಮಾತ್ರ ನಡೆದಾಡಿದ್ದವು. ಅವಿಭಜಿತ ಮಹಬೂಬ್‌ನಗರ ಜಿಲ್ಲೆ ನೆಲಬಾಂಬಿನ ನೋವನ್ನು ಸ್ವತಃ ಅನುಭವಿಸಿದೆ: 1993ರಲ್ಲಿ ಸೋಮಶಿಲೆಯ ಬಳಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಪರದೇಶಿ ನಾಯ್ಡು ಹಾಗೂ ಅವರ ಜೊತೆಗಿದ್ದ ಸಿಬ್ಬಂದಿ ಅಂಥ ಸ್ಫೋಟಕ್ಕೆ ಬಲಿಯಾದರು. 2006ರ ಸೆಪ್ಟೆಂಬರ್‌ನಲ್ಲಿ ಇದೇ ಜಿಲ್ಲೆಯಲ್ಲಿಯೂ ಪ್ರಕಾಶಂ ಜಿಲ್ಲೆಯಲ್ಲಿಯೂ ಸಾಮಾನ್ಯ ಸರಕಿನಂತೆ ಲಾರಿಯಲ್ಲಿ ಬಂದ ನೂರಾರು ರಾಕೆಟ್ ಕವಚಗಳು ಸಿಕ್ಕಾಗ, ಅವುಗಳ ಬಿಡಿಭಾಗಗಳು ಚೆನ್ನೈಯ ಅಂಬತ್ತೂರಿನ ಸಣ್ಣ ಕಾರ್ಖಾನೆಗಳಲ್ಲಿ ತಯಾರಾದವೆಂದು ಪೊಲೀಸರು ಪತ್ತೆ ಹಚ್ಚಿದರು. ಸಾಗಣೆ ಕಂಪನಿಯ ರಸೀತಿಗಳಂಥ ಮಾಮೂಲಿ ಕಾಗದಗಳು ಎಷ್ಟು ದೂರದವರೆಗೆ ಬೆಳಕು ಬೀರಬಲ್ಲವು ಎಂಬುದಕ್ಕೆ ಇಂಥ ತನಿಖೆಗಳೇ ನಿದರ್ಶನ.

ಭಯೋತ್ಪಾದನೆಯ ಸೋಂಕೂ ಇಲ್ಲದ ಎರಡು ದುರಂತಗಳು ಈ ವಿಷಯಕ್ಕೆ ಅಷ್ಟೇ ಸಂಬಂಧಪಟ್ಟವು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನ ಕ್ವಾರಿಗಳಿಗೆ ತಂದ ಲಾರಿಯೊಂದರ ಸ್ಫೋಟಕ ಸಿಡಿದು ಕನಿಷ್ಠ 5 ಜನ ಸತ್ತರು. ಸದ್ದು ಕೇಳಿದ ನೆರೆ ಜಿಲ್ಲೆಗಳವರು ಭೂಕಂಪವೆಂದು ಮನೆಗಳಿಂದ ಹೊರಗೋಡಿದರು. ಸುಮಾರು ಒಂದು ತಿಂಗಳ ಬಳಿಕ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಪೊಲೀಸರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ರಾತ್ರಿ ವಿಲೇವಾರಿ ಮಾಡಹೋಗಿ 6 ಜನ ಪ್ರಾಣ ಕಳೆದುಕೊಂಡರು. ಶಿವಮೊಗ್ಗದ ತನಿಖೆ ರಾಜ್ಯದ ಗಡಿ ದಾಟಿ ಆಂಧ್ರದ ರಾಯದುರ್ಗದವರೆಗೆ ಹೋಗಬೇಕಾಯಿತು. ಲೆಕ್ಕದ ಹೊರಗಿನ ಸರಕು ಭಯೋತ್ಪಾದಕನ ಕೈ ಸೇರುವ ಮೊದಲೇ ಬಡ ಕೂಲಿಕಾರನನ್ನು ಕೊಲ್ಲುತ್ತದೆ. ಸತ್ತವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬಂದವರೇ ಹೊರತು ಲಾಭ ಎಣಿಸುವವರಲ್ಲ ಎಂಬುದು ಮನಸ್ಸನ್ನು ಕಲಕುವ ಸಂಗತಿ.

ಗಡಿಯೆಂಬುದು ಈ ಸಮಸ್ಯೆಯನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ, ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮಹಬೂಬ್‌ನಗರಕ್ಕೆ ಸೇರಿದವು. 2016ರಲ್ಲಿ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಆಡಳಿತದ ಗೆರೆಗಳು ಬದಲಾಗುತ್ತ ಬಂದರೂ ಬಂಡೆ ಒಂದೇ, ಅದನ್ನು ಒಡೆಯುವ ಕಸುಬಿನವರೂ ದಾಮರಗಿದ್ದದಿಂದ ಗುರುಮಠಕಲ್ಲಿಗೆ, ಮಕ್ತಲ್‌ನಿಂದ ರಾಯಚೂರಿಗೆ ಕನ್ನಡ, ತೆಲುಗು ಎರಡನ್ನೂ ಆಡುತ್ತ ಓಡಾಡುವ ಅದೇ ಜನ. ಯಾದಗಿರಿ ಜಿಲ್ಲೆಯ ಹೊಲದಲ್ಲಿ ಸಿಕ್ಕ ಕಡ್ಡಿಯೊಂದರ ಮೂಲ ನಾರಾಯಣಪೇಟೆ ಜಿಲ್ಲೆಯ ಕ್ವಾರಿಯಲ್ಲಿದ್ದರೆ ಎರಡು ರಾಜ್ಯಗಳ ಪೊಲೀಸರು, ಇಬ್ಬರು ಜಿಲ್ಲಾಧಿಕಾರಿಗಳು, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಎಂದರೆ ಗಣಿಯವರು ಪೆಸೊ ಎಂದು ಕರೆಯುವ ಸಂಸ್ಥೆ, ಇವರೆಲ್ಲರ ಕಾಗದಗಳು ಒಂದೆಡೆ ಕೂಡಬೇಕಾಗುತ್ತದೆ. ಎಕೊಸಿನ್‌ನ ಮದ್ದು ಮೂರು ದೇಶಗಳ ಗಡಿ ದಾಟಿಯೂ ಗುರುತಾದದ್ದು ಆ ದೇಶಗಳ ತನಿಖಾಧಿಕಾರಿಗಳು ಮಾಹಿತಿ ಹಂಚಿಕೊಂಡದ್ದರಿಂದ. ಒಂದೇ ದೇಶದ ಎರಡು ಜಿಲ್ಲೆಗಳಿಗೆ ಅದು ಅಸಾಧ್ಯವಾಗಬೇಕಾದ ಕಾರಣವಿಲ್ಲ.

ಕಾನೂನಿನ ಕೊರತೆ ದೊಡ್ಡದೆಂದು ಹೇಳಲಾಗದು. 1884ರ ಸ್ಫೋಟಕಗಳ ಅಧಿನಿಯಮ, 1908ರ ಸ್ಫೋಟಕ ವಸ್ತುಗಳ ಅಧಿನಿಯಮ, 2008ರ ಸ್ಫೋಟಕಗಳ ನಿಯಮಗಳು, 2012ರ ಅಮೋನಿಯಂ ನೈಟ್ರೇಟ್ ನಿಯಮಗಳು ಖರೀದಿ, ದಾಸ್ತಾನು, ಬಳಕೆಗಳ ಲೆಕ್ಕವನ್ನು ಕಡ್ಡಾಯ ಮಾಡಿವೆ. ಕಳವು ಅಥವಾ ಕೊರತೆ ಕಂಡ ಕೂಡಲೇ ಪೊಲೀಸರಿಗೂ ಪರವಾನಗಿ ಪ್ರಾಧಿಕಾರಕ್ಕೂ ತಿಳಿಸಬೇಕೆನ್ನುತ್ತವೆ. ಬ್ಯಾಟರಿಯಿಂದಲೇ ಸಿಡಿಯಬಲ್ಲ ವಿದ್ಯುತ್ ಡಿಟೊನೇಟರ್‌ಗಳನ್ನು 2025ರ ಏಪ್ರಿಲ್ 1ರಿಂದ ನಿಷೇಧಿಸಿದ್ದು ಸ್ವಾಗತಾರ್ಹ ಹೆಜ್ಜೆ. ಕೊರತೆಯಿರುವುದು ಸಂಜೆಯ ಹೊತ್ತಿನಲ್ಲಿ. ಸಿಡಿಸುವ ಕೆಲಸ ಮುಗಿದು ಎಲ್ಲರೂ ಮನೆಯ ದಾರಿ ಹಿಡಿಯುವ ಆ ಹೊತ್ತಿನಲ್ಲಿ ಉಳಿದ ಮೂರು ಕಡ್ಡಿ, ಎರಡು ಕ್ಯಾಪುಗಳನ್ನು ಇಪ್ಪತ್ತು ಕಿಲೋಮೀಟರ್ ದೂರದ ಉಗ್ರಾಣಕ್ಕೆ ಮರಳಿ ಒಯ್ದು ಬರೆಸುವುದಕ್ಕಿಂತ, ನಾಳಿನ ಕೆಲಸಕ್ಕೆಂದು ಗುಡಿಸಲಿನ ಸೂರಿಗೆ ಸಿಕ್ಕಿಸುವುದು ಸುಲಭ. ಹಾಗೆ ಉಳಿದದ್ದು ಮೊದಲು ಕೃಷ್ಣೆಯ ಮಡುವಿನಲ್ಲಿ ಮೀನು ಹಿಡಿಯಲು, ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಉಂಡೆ ಇಡಲು ಹೋಗುತ್ತದೆ, ಒಮ್ಮೆ ಬೆಲೆ ಕಟ್ಟಿದ ಮೇಲೆ ಕೊಳ್ಳುವವನು ಯಾರೆಂದು ಯಾರೂ ಕೇಳುವುದಿಲ್ಲ. ಕೊಂಚಿತಾ ಗಣಿಯ ಪೊದೆಗೂ ಈ ಗುಡಿಸಲಿನ ಸೂರಿಗೂ ಇರುವ ಅಂತರ ಬಹಳ ಕಡಿಮೆ.

ಆದ್ದರಿಂದ ಎರಡೂ ಜಿಲ್ಲೆಗಳ ಆಡಳಿತಗಳಿಗೆ, ಕ್ವಾರಿಗಳ ಮಾಲೀಕರಿಗೆ, ಮದ್ದು ತುಂಬುವ ಕಸುಬಿನವರಿಗೆ ಮಾಡಿಕೊಳ್ಳುವ ಕೋರಿಕೆಗಳು ಸರಳವಾದವು. ಉಳಿದ ಕಡ್ಡಿಗಳನ್ನು ಸಂಜೆಯೇ ಹಿಂದಕ್ಕೆ ಪಡೆಯಲು ಸ್ಫೋಟಕದ ವಾಹನ ಕೆಲಸದ ಜಾಗಕ್ಕೆ ಮರಳಿ ಬರಬೇಕು, ಅದರ ಖರ್ಚು ಕೂಲಿಕಾರನ ತಲೆಗೆ ಬೀಳಬಾರದು. ಪೆಟ್ಟಿಗೆಯ ಸಂಖ್ಯೆಯ ಜೊತೆಗೆ ಆ ದಿನ ಒಡೆದ ಪೆಟ್ಟಿಗೆ ಯಾವ ಹೊಲದ, ಯಾವ ಬಾವಿಯ ಕೆಲಸಕ್ಕೆ ಹೋಯಿತೆಂಬುದನ್ನು ಬರೆಯಬೇಕು. ಕೊರತೆಯನ್ನು ತಾನಾಗಿ ಬಂದು ತಿಳಿಸಿದವನನ್ನು ಮೊದಲ ಆರೋಪಿಯನ್ನಾಗಿ ಕೂಡಿಸುವ ಅಭ್ಯಾಸ ನಿಲ್ಲಬೇಕು, ಏಕೆಂದರೆ ಹೆದರಿದವನು ಲೆಕ್ಕ ತಿದ್ದುತ್ತಾನೆ, ಸರಕು ಹುಡುಕುವುದಿಲ್ಲ. ಲೆಕ್ಕ ಬರೆಯುವ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಇರದೆ, ಬರೆಯುವವನು ಬಲ್ಲ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಇರಲಿ. ನಾರಾಯಣಪೇಟೆ ಮತ್ತು ಯಾದಗಿರಿ ಜಿಲ್ಲೆಗಳ ಪರವಾನಗಿ ವಿಭಾಗದವರು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ತಮ್ಮ ತಮ್ಮ ಪುಸ್ತಕಗಳನ್ನು ತಾಳೆ ನೋಡುವ ಕೆಲಸವನ್ನು ಈ ವರ್ಷವೇ ಆರಂಭಿಸಲಿ.